ಪಾಪ ಅರಿಕೆ ಮಾಡಿಕೊಂಡ ಮೇಲೂ ಮಗಳು ಹಾಸಿಗೆ ಹಿಡಿದಳು: ಇದು ದೇವರ ಶಿಕ್ಷೆಯೇ?

ಪ್ರಶ್ನೆ ಕೇಳಿದವರು ಸಿಂಧನೂರು ಕಡೆಯವರು. ಭತ್ತದ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವಾಗ ಒಬ್ಬ ರೈತರ 240 ಚೀಲಕ್ಕೆ, ಚೀಲಕ್ಕೆ ಎರಡು ಕಿಲೋದಂತೆ ತೂಕ ಕಡಿಮೆ ತೋರಿಸಿ ಆ ಹಣ ತಾವು ಇಟ್ಟುಕೊಂಡರಂತೆ. ಆಮೇಲೆ ಮನಸ್ಸು ಚುಚ್ಚಿ, ಅತ್ತು ಪ್ರಾರ್ಥಿಸಿ, ಉಪವಾಸವನ್ನೂ ಮಾಡಿದ್ದಾರೆ. ಎರಡು ವಾರದಲ್ಲಿ ಮಗಳಿಗೆ ಡೆಂಗಿ. ಸಭೆಯ ಹಿರಿಯರೊಬ್ಬರು "ದೇವರ ಕೈ ನಿನ್ನ ಮೇಲೆ ಬಿದ್ದಿದೆ" ಎಂದುಬಿಟ್ಟಿದ್ದಾರೆ. ಕ್ಷಮೆ ಸಿಕ್ಕಿದೆಯೋ ಇಲ್ಲವೋ, ಕರ್ತನ ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವುದು) ತೆಗೆದುಕೊಳ್ಳಬಹುದೋ ಬಾರದೋ ಎಂದು ಕೇಳಿದ್ದಾರೆ.

ಸಹೋದರರೇ, ಮೊದಲು ಮಗಳ ವಿಷಯ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆ ತೀರಾ ನೋಯುವುದು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಮಗು ಮಂಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾರ್ಥನೆ ಆಸ್ಪತ್ರೆಯ ಮಂಚದ ಪಕ್ಕದಲ್ಲೂ ಆಗುತ್ತದೆ. ನಮ್ಮ ಕಡೆ ನಳದ ನೀರು ಕೆಲವು ದಿನಕ್ಕೊಮ್ಮೆ ಬರುತ್ತದೆಂದು ಡ್ರಮ್ಮು, ತೊಟ್ಟಿ ತುಂಬಿಡುತ್ತೇವೆ. ಆ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ, ಒಳಗೋಡೆ ಉಜ್ಜಿ ತೊಳೆದು, ಮುಚ್ಚಿಡಿ.

ಹಾಗಾದರೆ ದೇವರು ರೋಗದ ಮೂಲಕ ಎಚ್ಚರಿಸುವುದೇ ಇಲ್ಲವೇ? ಇಲ್ಲ ಎಂದು ನಾನು ಹೇಳಲಾರೆ. ಕೊರಿಂಥ ಊರಿನ ಸಭೆಯವರು ಕರ್ತನ ಭೋಜನವನ್ನು ಅವಮಾನಿಸಿದ್ದರಿಂದ ಅವರಲ್ಲಿ ಅನೇಕರು ಬಲಹೀನರೂ ರೋಗಿಗಳೂ ಆದರೆಂದು ಪೌಲ ಬರೆದಿದ್ದಾನೆ. ಆದರೆ ಅದನ್ನು ಅಪೊಸ್ತಲನೊಬ್ಬ ಹೇಳಿದ. ಪಾಪ ಮಾಡಿದ ಅರಸ ದಾವೀದನ ಮಗು ಸಾಯುವುದೆಂದು ಹೇಳಿದವನು ಪ್ರವಾದಿ ನಾತಾನ. ನಿಮ್ಮ ಮಗಳ ಜ್ವರದ ಬಗ್ಗೆ ಅಂಥ ಮಾತು ಯಾರಿಗೂ ಬಂದಿಲ್ಲ. ರೋಗ ನೋಡಿ ಪಾಪ ಲೆಕ್ಕ ಹಾಕಿದವರು ಯೋಬನ ಸ್ನೇಹಿತರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆಯೇ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಮಿಕ್ಕವರಿಗಿಂತ ದೊಡ್ಡ ಪಾಪಿಗಳೆಂದು ನೆನಸಬೇಡಿ ಎಂದು ಯೇಸು ಹೇಳಿದ್ದು ಲೂಕ 13ರಲ್ಲಿದೆ. ಆ ಹಿರಿಯರಿಗೆ ನಿಮ್ಮ ಮೇಲೆ ಅಕ್ಕರೆ ಇರಬಹುದು. ಆದರೂ ಅವರು ತಮಗೆ ಗೊತ್ತಿಲ್ಲದ್ದನ್ನು ಹೇಳಿದ್ದಾರೆ.

ಇನ್ನು ಆ "ಶಿಕ್ಷೆ" ಎಂಬ ಮಾತು. ನಮ್ಮ ಅರ್ಧ ಭಯ ಈ ಪದದಲ್ಲೇ ಇದೆ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದ ಕೈಗೆತ್ತಿಕೊಂಡರು, 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ನಾವೀಗ ಓದುವುದು ಮುಂದೆ ತಿದ್ದಿದ ಅನುವಾದ. ಅದರಲ್ಲಿ ಇಬ್ರಿಯರಿಗೆ 12ನೇ ಅಧ್ಯಾಯ ಓದುವಾಗ ಕಿವಿಗೆ ಬೀಳುವುದು ಜೈಲುಶಿಕ್ಷೆಯ ಶಿಕ್ಷೆ. ಆದರೆ ಶಿಕ್ಷಕ, ಶಿಕ್ಷಣ ಎಂಬ ಮಾತುಗಳೂ ಅದೇ ಬೇರಿನವು. ಅಲ್ಲಿನ ಗ್ರೀಕ್ ಪದ 'ಪೈದೇಯ'. ಮಗುವನ್ನು ಸಾಕಿ, ತಿದ್ದಿ, ಕಲಿಸಿ ದೊಡ್ಡದು ಮಾಡುವುದಕ್ಕೆ ಆ ಮಾತು. ಅದರಲ್ಲಿ ಬೆತ್ತವೂ ಇದೆ, ಇಲ್ಲವೆನ್ನಲಾಗದು. ಆದರೆ ಹಿಡಿದಿರುವುದು ತಂದೆಯ ಕೈ. ಕೋರ್ಟಿನ ಶಿಕ್ಷೆ ಆಗಿಹೋದ ಅಪರಾಧಕ್ಕೆ ಬೆಲೆ ಕಟ್ಟುತ್ತದೆ, ತಂದೆಯ ಶಿಕ್ಷೆ ಮಗ ಮುಂದೆ ಹೇಗಿರಬೇಕೆಂದು ನೋಡುತ್ತದೆ. ನಿಮ್ಮ ಪಾಪದ ಬೆಲೆ ಶಿಲುಬೆಯಲ್ಲಿ ಸಂದಾಯವಾಗಿದೆ. ನಮ್ಮ ಮೇಲಿದ್ದ ಸಾಲದ ಪತ್ರವನ್ನು ಶಿಲುಬೆಗೆ ಜಡಿದು ಇಲ್ಲದಂತೆ ಮಾಡಿದನೆಂದು ಕೊಲೊಸ್ಸೆಯವರಿಗೆ 2:14ರಲ್ಲಿದೆ. ಒಂದೇ ಸಾಲವನ್ನು ಎರಡು ಸಲ, ಅದೂ ಮಗುವಿನ ಮೈಯಿಂದ ವಸೂಲಿ ಮಾಡುವವನಲ್ಲ ಆತ.

1 ಯೋಹಾನ 1:9ನ್ನು ನಿಧಾನವಾಗಿ ಓದಿ. ಪಾಪಗಳನ್ನು ಅರಿಕೆ ಮಾಡಿದರೆ ಕ್ಷಮಿಸುವ ದೇವರು ನಂಬಿಗಸ್ತನೂ ನೀತಿವಂತನೂ ಎಂದಿದೆ. "ಕರುಣೆಯುಳ್ಳವನು" ಎಂಬ ಮಾತು ಬರುತ್ತದೆಂದು ಕಾಯುವ ಜಾಗದಲ್ಲಿ "ನೀತಿವಂತನು" ಎಂದು ಬಂದಿದೆ. ಬೆಲೆ ಸಂದಾಯವಾಗಿರುವುದರಿಂದ ಕ್ಷಮಿಸುವುದೇ ನ್ಯಾಯ. ನಿಮ್ಮ ಉಪವಾಸಕ್ಕೆ ಮೆಚ್ಚಿ ಕ್ಷಮಿಸಿದ್ದಲ್ಲ. ಹಾಗಾಗಿ ಉಪವಾಸ ಸಾಲದಾಯಿತೇನೋ ಎಂದು ಹೆದರುವ ಕಾರಣವೂ ಇಲ್ಲ.

ಅರಿಕೆ ಮಾಡುವಾಗ ಸಾಮಾನ್ಯವಾಗಿ ತಪ್ಪುವುದು ಎಲ್ಲಿ ಗೊತ್ತೇ? "ಕರ್ತನೇ, ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎನ್ನುವ ಪ್ರಾರ್ಥನೆಯಲ್ಲಿ. ಅದರಲ್ಲಿ ಪಾಪಕ್ಕೆ ಹೆಸರಿಲ್ಲ. "ಇಂಥವರ 240 ಚೀಲದಲ್ಲಿ ನಾನು ಕದ್ದೆ" ಎಂದು ಬಾಯಿಬಿಟ್ಟು ಹೇಳಿ. "ಮಾಲೀಕರೂ ಹಾಗೇ ಮಾಡುತ್ತಿದ್ದರು" ಎಂಬ ಬಾಲ ಬೇಡ. ಮಾಲೀಕರ ಪಾಪವನ್ನು ಅವರು ಅರಿಕೆ ಮಾಡಲಿ. ಒಮ್ಮೆ ಹೆಸರಿಟ್ಟು ಹೇಳಿದ್ದನ್ನು ಮತ್ತೆ ದಿನಾ ಅರಿಕೆ ಮಾಡಬೇಡಿ. ಆ ಹೊತ್ತಿನಲ್ಲಿ ಕೀರ್ತನೆ 32 ಓದಿ. ಬಾಯಿ ಮುಚ್ಚಿಕೊಂಡಿದ್ದಾಗ ಎಲುಬು ಸವೆದದ್ದೂ, ಒಪ್ಪಿಕೊಂಡೊಡನೆ ಕ್ಷಮೆ ಬಂದದ್ದೂ ಆ ಒಂದೇ ಕೀರ್ತನೆಯಲ್ಲಿವೆ.

ಹೇಳಿದ ಮೇಲೂ ಒಳಗೆ ಒಂದು ದನಿ ಕಾಡುತ್ತಿದ್ದರೆ ಅದು ಏನು ಹೇಳುತ್ತಿದೆ ಎಂದು ಗಮನಿಸಿ. "ಆ ರೈತರ ಹಣ ಇನ್ನೂ ನಿನ್ನ ಹತ್ತಿರವೇ ಇದೆ" ಎಂದರೆ ಅದನ್ನು ಪವಿತ್ರಾತ್ಮನ ಮಾತೆಂದೇ ತಿಳಿಯಿರಿ: ಗೊತ್ತಾದ ಒಂದು ಕೆಲಸ ಹೇಳುತ್ತದೆ, ಮಾಡಿದರೆ ಮುಗಿಯುತ್ತದೆ. "ನೀನು ಇಷ್ಟೇ, ನಿನಗೆ ಕ್ಷಮೆಯಿಲ್ಲ" ಎಂದು ಮಾಡುವ ಕೆಲಸವನ್ನೇ ಹೇಳದೆ ಹಳಿಯುತ್ತಿದ್ದರೆ ಅದು ದೂರುಗಾರನ, ಅಂದರೆ ಸೈತಾನನ ದನಿ. ಅದಕ್ಕೆ ಕಿವಿಗೊಡಬೇಡಿ.

ಹಣದ ಲೆಕ್ಕ ಮಾಡೋಣ. ಎರಡು ಕಿಲೋದಂತೆ 240 ಚೀಲಕ್ಕೆ 480 ಕಿಲೋ. ಕ್ವಿಂಟಲಿಗೆ 2,000 ರೂಪಾಯಿ ಹಿಡಿದರೆ 9,600. ನೀವು ಆ ಸಲದ ನಿಜವಾದ ದರ ಹಾಕಿ. ಯಾಜಕಕಾಂಡ 6ರ ಮೊದಲ ಭಾಗದಲ್ಲಿ ನೆರೆಯವನಿಗೆ ವಂಚಿಸಿ ಪಡೆದದ್ದನ್ನು ಪೂರ್ತಿ ಹಿಂದಿರುಗಿಸಿ, ಅದರ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕೆಂದಿದೆ. 9,600ಕ್ಕೆ 1,920 ಸೇರಿ 11,520. ಸುಂಕದವನಾದ ಜಕ್ಕಾಯ ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ, ಆದರೆ ಯೇಸು ಅವನ ಮನೆಗೆ ಬರುತ್ತೇನೆಂದು ಮೊದಲೇ ಹೇಳಿಯಾಗಿತ್ತು; ಕೊಟ್ಟು ಕೊಂಡ ಕ್ಷಮೆಯಲ್ಲ ಅದು. ಕ್ರೈಸ್ತನ ಮೇಲೆ ಐದನೇ ಪಾಲಿನ ಕಟ್ಟಳೆಯಿಲ್ಲ, ಅಳತೆಗೆ ಅದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಇಷ್ಟು ದಿನ ಆ ಹಣವಿಲ್ಲದೆ ಆ ರೈತರು ಬಡ್ಡಿಗೆ ಸಾಲ ತಂದಿರಲೂಬಹುದು.

ಈ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಬೇಡಿ. ಬಹಳ ಜನ ಮಾಡುವ ತಪ್ಪು ಇದು: ರೈತನ ಮುಖ ನೋಡಲು ನಾಚಿಕೆ, ಪೆಟ್ಟಿಗೆಗೆ ಮುಖವಿಲ್ಲ. ಅರಣ್ಯಕಾಂಡ 5ರ ಪ್ರಕಾರ ಆ ಹಣ ಯಾಜಕನಿಗೆ ಹೋಗುವುದು ಅನ್ಯಾಯಕ್ಕೊಳಗಾದವನೂ ಇಲ್ಲದೆ, ತೆಗೆದುಕೊಳ್ಳುವ ಸಮೀಪಬಂಧುವೂ ಇಲ್ಲದಿದ್ದಾಗ ಮಾತ್ರ. ರೈತರು ತೀರಿಕೊಂಡಿದ್ದರೆ ಹೆಂಡತಿ ಮಕ್ಕಳಿಗೆ ಕೊಡಿ.

ಮೊದಲು ನಿಮ್ಮ ಹೆಂಡತಿಗೆ ಹೇಳಿ, ಏಕೆಂದರೆ ಹಣ ಹೋಗುವುದು ಮನೆಯಿಂದ. ಆಮೇಲೆ ಪಾಸ್ಟರ್‌ಗೆ ಹೇಳಿ, ಬಾಯಿ ಬಿಗಿಯಿರುವ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ರೈತರ ಹತ್ತಿರ ಹೋಗಿ. ಮಾಲೀಕರಿಗೂ ತಿಳಿಸಬೇಕು, ಯಾಕೆಂದರೆ ಹೆಸರು ಕೆಡುವುದು ಅವರ ಅಂಗಡಿಯದು. ಕೆಲಸ ಹೋದೀತು, ಪೊಲೀಸಿಗೂ ಹೋದೀತು, ತಿಳಿದೇ ಹೋಗಿ. ಒಟ್ಟಿಗೆ ಕೊಡಲಾಗದಿದ್ದರೆ ಕಂತಿಗೆ ತಾರೀಖು ಬರೆದು ಕೊಡಿ. ಅಲ್ಲಿ ಮಗಳ ಜ್ವರದ ಸುದ್ದಿ ಎತ್ತಬೇಡಿ. ಎತ್ತಿದರೆ ಕ್ಷಮಿಸಲೇಬೇಕೆಂದು ಅವರ ಕೈ ತಿರುವಿದ ಹಾಗೆ. "ನಿಮಗೆ ಸೇರಬೇಕಾದದ್ದು ಕದ್ದಿದ್ದೆ, ತಂದಿದ್ದೇನೆ" ಎಂದಷ್ಟೇ ಹೇಳಿ. ಅವರು ಬೈದರೆ ಬೈಸಿಕೊಳ್ಳಿ.

ಹಣ ಕೊಟ್ಟೊಡನೆ ಮನಸ್ಸು ಹಗುರಾಗುತ್ತದೆ ಎಂದು ಮಾತ್ರ ನಂಬಬೇಡಿ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಅದಕ್ಕೆ ಪಡೆದ ಮೂವತ್ತು ಬೆಳ್ಳಿ ನಾಣ್ಯ ಹಿಂದಕ್ಕೆ ತಂದ, "ಪಾಪ ಮಾಡಿದೆ" ಎಂದೂ ಹೇಳಿದ. ಹೇಳಿದ್ದು ಮಹಾಯಾಜಕರಿಗೆ, ಅವರು "ಅದು ನಮಗೇನು, ನೀನೇ ನೋಡಿಕೋ" ಎಂದರು. ಯೇಸುವಿನ ಹತ್ತಿರ ಅವನು ಹೋಗಲಿಲ್ಲ. ಪೇತ್ರನ ಕತೆ ಬೇರೆ. ಯೋಹಾನ ಒಂದು ಸಣ್ಣ ವಿವರ ಬರೆದಿಟ್ಟಿದ್ದಾನೆ: ಪೇತ್ರ ಯೇಸುವನ್ನು ಅರಿಯೆನೆಂದಾಗ ಚಳಿ ಕಾಯಿಸುತ್ತಿದ್ದದ್ದು ಇದ್ದಲಿನ ಬೆಂಕಿಯ ಮುಂದೆ (18:18). ಎದ್ದುಬಂದ ಕರ್ತನು ಸಮುದ್ರದ ದಡದಲ್ಲಿ ಮೀನು ಸುಡಲು ಹಾಕಿದ್ದೂ ಇದ್ದಲಿನ ಬೆಂಕಿಯೇ (21:9). ಅದೇ ಹೊಗೆಯ ವಾಸನೆಯಲ್ಲಿ, ಮೊದಲು ಊಟ ಕೊಟ್ಟು, ಮೂರು ಸಲ ಅಲ್ಲಗಳೆದವನನ್ನು "ನನ್ನನ್ನು ಪ್ರೀತಿಸುತ್ತೀಯಾ" ಎಂದು ಮೂರು ಸಲ ಕೇಳಿದ. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು. ಪ್ರತಿ ಉತ್ತರಕ್ಕೂ ಕುರಿ ಕಾಯುವ ಕೆಲಸ ಕೊಟ್ಟ. ಇಬ್ರಿಯರಿಗೆ 12ರ ಶಿಕ್ಷೆ ಹೇಗಿರುತ್ತದೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ದಡವನ್ನೇ.

ಭೋಜನದ ಬಗ್ಗೆ: 1 ಕೊರಿಂಥ 11:28ರಲ್ಲಿ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದಿದೆ. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಮೊದಲು ಅವನ ಹತ್ತಿರ ಹೋಗು, ಆಮೇಲೆ ಬಂದು ಕಾಣಿಕೆ ಅರ್ಪಿಸು ಎಂದು ಮತ್ತಾಯ 5ರಲ್ಲಿದೆ. ಮಗಳು ಚೇತರಿಸಿಕೊಂಡ ವಾರವೇ ರೈತರ ಮನೆಗೆ ಹೋಗಿ ಬನ್ನಿ. ಅವರು ಹಣ ತೆಗೆದುಕೊಂಡು ಮುಖ ತಿರುಗಿಸಿದರೂ, ಬರುವ ಭೋಜನದ ಭಾನುವಾರ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರಬೇಡಿ. ಎದ್ದು ಹೋಗಿ ರೊಟ್ಟಿಗೆ ಕೈ ಚಾಚಿ.