ಸುಲಿಯೋ ಮಷಿನ್ನಿನ ರಾಡು ಸವೀತಿದ್ರೆ ಮೊದ್ಲು ಎಮೆರಿ ಪೇಪರ್ ಬದಿಗಿಡಿ

ಅಣ್ಣಾ, ನೀವು ಹಾಕಿದ ಪ್ರಶ್ನೆ ನಂಗೆ ಅರ್ಥ ಆಗಿದ್ದು ಇಷ್ಟು. ಊರಲ್ಲೇ ಮಾಡಿಸಿದ ಅಡಿಕೆ ಸುಲಿಯೋ ಮಷಿನ್ನು, ಬುಶ್ಶಿನೊಳಗೆ (ರಾಡನ್ನ ಹಿಡಿದಿಡೋ ಕೊಳವೆ) ಹಿಂದೆ ಮುಂದೆ ಆಡೋ ಎಂಎಸ್ ರಾಡು (ಮೈಲ್ಡ್ ಸ್ಟೀಲು, ಅಂದ್ರೆ ಮೆತ್ತನೆ ಉಕ್ಕು), ಬುಶ್ಶೂ ಎಂಎಸ್ಸೇ. ಅಡಿಕೆಗೆ ಎಣ್ಣೆ ಕಲೆ ತಾಗಿದ್ರೆ ಮಂಡೀಲಿ ರೇಟು ಇಳಿಸ್ತಾರೆ, ಗ್ರೀಸ್ ಹಾಕಿದ್ರೆ ಸಿಪ್ಪೆ ಧೂಳು ಸೇರಿ ಅಂಟಾಗ್ತದೆ, ಹಾಗಾಗಿ ಒಣದ್ರಲ್ಲೇ ಓಡಿಸ್ತೀರಿ. ಕೆಂಪು ಪುಡಿ ಉದುರ್ತದೆ ಅಂತ ದಿನಾ ಸಂಜೆ ಎಮೆರಿಯಲ್ಲಿ ತಿಕ್ಕಿ ಪೆಟ್ರೋಲಲ್ಲಿ ಒರೆಸಿ ಫಳಫಳ ಮಾಡಿಡ್ತೀರಿ, ಆದ್ರೂ ಸವೆತ ನಿಲ್ತಿಲ್ಲ. ಇಎನ್ 8 ಅನ್ನೋ, ಕಾರ್ಬನ್ ಜಾಸ್ತಿ ಇರೋ ಸ್ಟೀಲಿನ ರಾಡು ಹಾಕ್ಲಾ ಅಂತ ಕೇಳ್ತಿದೀರಿ.

ತಿಕ್ಕೋದು ನಿಲ್ಸಿ ಮಾರಾಯ್ರೆ. ಒಣ ಉಕ್ಕಿನ ಮೇಲೆ ಉಕ್ಕು ಉಜ್ಜಿದಾಗ ಮೇಲ್ಮೈಯಲ್ಲಿ ಆಕ್ಸೈಡಿನ (ಗಾಳಿ ತಾಗಿ ಆಗೋ ತುಕ್ಕಿನಂಥದ್ದು) ಒಂದು ತೆಳು ಪದರ ಕೂರ್ತದೆ, ಕಂದು ಇಲ್ಲಾ ಕಪ್ಪು ಬಣ್ಣ. ಕಬ್ಬಿಣಕ್ಕೆ ಕಬ್ಬಿಣ ನೇರ ತಾಗದ ಹಾಗೆ ತಡೆಯೋದು ಅದೇ. ಅದು ಸ್ವಲ್ಪ ಸ್ವಲ್ಪ ಕಳಚಿ ನುಣ್ಣಗೆ ಪುಡಿಯಾಗಿ ಬೀಳ್ತದೆ, ಅಡಿಯಲ್ಲಿ ಮತ್ತೆ ಹೊಸದು ಕಟ್ಟಿಕೊಳ್ತದೆ, ಸವೆತ ಆಗ್ತದೆ ಆದ್ರೆ ನಿಧಾನಕ್ಕೆ. ಪದರ ಇಲ್ಲದೇ ಹೋದ್ರೆ ಎರಡು ಲೋಹಾನೂ ಅಲ್ಲಲ್ಲಿ ಕಚ್ಚಿಕೊಂಡು ಒಂದರದ್ದು ಇನ್ನೊಂದು ಕಿತ್ತು ತೆಗೀತದೆ, ಆಗ ಸವೆತ ನೂರು ಪಟ್ಟು ಜಾಸ್ತಿ ಆಗೋದೂ ಉಂಟು. ಹದ ಬಂದ ದೋಸೆ ಕಾವಲಿನ ದಿನಾ ಬೆಳ್ಳಗೆ ತಿಕ್ಕಿಟ್ರೆ ಮರುದಿನ ದೋಸೆ ಏಳ್ತದಾ? ನಿಮ್ಮ ಫೋಟೋದಲ್ಲೇ ಕಾಣ್ತದೆ ನೋಡಿ, ಬೆಳಿಗ್ಗೆಯ ಪುಡಿಯಲ್ಲಿ ಹೊಳೆಯೋ ಚೂರು, ಮಧ್ಯಾಹ್ನದ ಮೇಲಿನದ್ದು ಬರೀ ಕೆಂಪು. ಅಂದ್ರೆ ರಾಡು ದಿನಾ ಹೊಸದಾಗಿ ಪದರ ಕಟ್ಟಿಕೊಳ್ತಾ ಉಂಟು, ನೀವು ದಿನಾ ಸಂಜೆ ಅದನ್ನ ತೆಗೀತಾ ಇದೀರಿ.

ಇನ್ಮೇಲೆ ರಾಡಿನ ಅಡಿಗೆ ಒಂದು ಬಿಳಿ ಕಾಗದ ಇಡಿ, ಬಿದ್ದದ್ದನ್ನ ಬಿಸಿಲಿಗೆ ಹಿಡಿದು ನೋಡಿ. ಬೆರಳಲ್ಲಿ ಉಜ್ಜಿದ್ರೆ ಕುಂಕುಮದಷ್ಟು ನಯ ಇದ್ರೆ ಚಿಂತೆ ಇಲ್ಲ. ಚಪ್ಪಟೆ ಚೂರು, ಹೊಳಪು, ಚುಚ್ಚೋ ಹಾಗಿದ್ರೆ ಅದು ಲೋಹಾನೇ ಕಿತ್ತು ಬರ್ತಿರೋದು. ಹೊಸ ರಾಡು ಹಾಕಿದ ಶುರುವಿಗೆ ಹೊಳೆಯೋ ಚೂರು ಬಂದೇ ಬರ್ತದೆ, ಅದಕ್ಕೆ ಹೆದ್ರಬೇಡಿ. ಒಂದು ವಿಷ್ಯ, ನಮ್ಮ ಕಡೆ ಮಣ್ಣೂ ಕೆಂಪೇ. ಅಂಗಳದ ಧೂಳು ಬುಶ್ಶಿಗೆ ಹೋಗ್ತಿದ್ರೆ ಅದೂ ಕೆಂಪು ಪುಡಿ ಥರಾನೇ ಕಾಣ್ತದೆ, ಆದ್ರೆ ಅದರೊಳಗಿನ ಮರಳಿನ ಕಣ ಎಂಎಸ್‌ಗಿಂತ ಎಷ್ಟೋ ಗಟ್ಟಿ, ರಾಡಿನ ಉದ್ದಕ್ಕೂ ನೇರ ಗೀರು ಬಿದ್ದಿರ್ತದೆ. ಗೀರು ಕಂಡ್ರೆ ಸ್ಟೀಲ್ ಬದ್ಲಾಯಿಸೋ ಮೊದ್ಲು ಬುಶ್ಶಿನ ಎರಡೂ ಬಾಯಿಗೆ ಧೂಳು ತಡೆಯೋ ಫೆಲ್ಟ್ ವಾಷರ್ (ದಪ್ಪ ಉಣ್ಣೆ ಬಟ್ಟೆಯ ಬಳೆ) ಹಾಕಿ.

ಈಗ ಇಎನ್ 8 ವಿಷ್ಯ. ಸವೆತದ ಬಗ್ಗೆ ಸಂಶೋಧನೆ ಮಾಡಿದ ಆರ್ಚರ್ಡ್ ಅನ್ನೋರು 1953ರಲ್ಲಿ ಕೊಟ್ಟ ಲೆಕ್ಕ ಎಲ್ರೂ ಹೇಳ್ತಾರೆ, ಲೋಡು ಎರಡು ಪಟ್ಟಾದ್ರೆ ಸವೆತ ಎರಡು ಪಟ್ಟು, ಗಡಸು ಎರಡು ಪಟ್ಟಾದ್ರೆ ಸವೆತ ಅರ್ಧ. ಅದು ಸರೀನೇ, ಆದ್ರೆ ಒಂದೇ ಥರದ ಸವೆತ ನಡೀತಾ ಇರೋ ತನಕ ಮಾತ್ರ. ಕಾರ್ಬನ್ ಸ್ಟೀಲು ಲೋಡು ಏರ್ತಾ ಹೋದ ಹಾಗೆ ಒಂದು ಹಂತದಲ್ಲಿ ಏಕಾಏಕಿ ಆ ಲೋಹ ಕಿತ್ತು ತೆಗೆಯೋ ಕೆಟ್ಟ ಸವೆತಕ್ಕೆ ಜಾರ್ತದೆ. ಇನ್ನೂ ಲೋಡು, ಸ್ಪೀಡು ಏರಿಸಿದ್ರೆ ಮತ್ತೆ ಕಮ್ಮಿ ಆಗೋದೂ ಉಂಟು, ವೆಲ್ಶ್ ಅನ್ನೋರು 1965ರಲ್ಲಿ ಇದನ್ನ ಚೆನ್ನಾಗಿ ತೋರಿಸಿದಾರೆ. ತಾಗೋ ಜಾಗದಲ್ಲಿ ಕ್ಷಣಮಾತ್ರ 700 ಡಿಗ್ರಿ ದಾಟಿ, ಸುತ್ತಲಿನ ತಣ್ಣನೆ ಲೋಹದಿಂದ ತಕ್ಷಣ ಆರಿ, ಮೇಲ್ಮೈ ತಾನಾಗೇ ಗಟ್ಟಿ ಆಗಿಬಿಡ್ತದೆ. ಅದಕ್ಕೆ ಕಾರ್ಬನ್ ಬೇಕು, ಎಂಎಸ್‌ನಲ್ಲಿ ಇರೋದು ಹೆಚ್ಚೆಂದ್ರೆ ಕಾಲು ಪರ್ಸೆಂಟು, ಇಎನ್ 8ರಲ್ಲಿ ಸುಮಾರು 0.4. ನಿಮ್ಮ ಮಷಿನ್ನಿನ ಸ್ಪೀಡಿಗೆ ಅಷ್ಟು ಬಿಸಿ ಆಗೋದಿಲ್ಲ ಬಿಡಿ, ಹಾಗಾಗಿ ಗಟ್ಟಿ ಮಾಡ್ಸೋದು ನಿಮ್ಮ ಕೆಲ್ಸಾನೇ. ಇಎನ್ 8 ತಂದು ಹಾಗೇ ಹಾಕಿದ್ರೆ ಸ್ವಲ್ಪ ಸುಧಾರಿಸ್ತದೆ ಅಷ್ಟೇ. ಹಾರ್ಡನಿಂಗ್ ಮಾಡ್ಸಿ ಹಾಕಿದ್ರೆ ಕಚ್ಚಿಕೊಳ್ಳೋದೇ ಕಮ್ಮಿ ಆಗ್ತದೆ, ಜೊತೆಗೆ ಆಕ್ಸೈಡ್ ಪದರಕ್ಕೆ ಅಡಿಯಲ್ಲಿ ಗಟ್ಟಿ ಆಸರೆ ಸಿಗ್ತದೆ. ಎಂಎಸ್ ರಾಡನ್ನೇ ಕೆಂಪಗೆ ಕಾಸಿ ನೀರಿಗೆ ಅದ್ದಿ ಅಂತ ಮೇಲೆ ಯಾರೋ ಬರ್ದಿದಾರೆ, ಅಷ್ಟು ಕಮ್ಮಿ ಕಾರ್ಬನ್ನಿಗೆ ಅದ್ರಿಂದ ಹೇಳಿಕೊಳ್ಳೋ ಪ್ರಯೋಜನ ಇಲ್ಲ.

ಬುಶ್ಶನ್ನ ಮಾತ್ರ ಸ್ಟೀಲ್ ಬಿಟ್ಟು ಬೀಡು ಕಬ್ಬಿಣದ್ದು ಮಾಡ್ಸಿ. ಅದರೊಳಗೇ ಗ್ರಾಫೈಟ್ ಇರ್ತದೆ, ಒಣದ್ರಲ್ಲೂ ಜಾರ್ತದೆ, ಎಂಎಸ್ ಮೇಲೆ ಎಂಎಸ್ ಕಚ್ಚಿದ ಹಾಗೆ ಕಚ್ಚೋದಿಲ್ಲ. ಶಿವಮೊಗ್ಗದಲ್ಲಿ ಫೌಂಡ್ರಿಗೆ ಬರ ಇಲ್ಲ, ತುಂಡು ಸಿಗ್ತದೆ, ಲೇತಿನವರ ಹತ್ರ ಬೋರ್ ಹೊಡೆಸಿಕೊಂಡ್ರೆ ಆಯ್ತು. ಬುಶ್ಶಿನ ಉದ್ದ ಈಗಿನದ್ದಕ್ಕಿಂತ ಡಬ್ಬಲ್ ಇಡ್ಸಿ, ಅಷ್ಟೇ ಲೋಡು ದೊಡ್ಡ ಜಾಗಕ್ಕೆ ಹಂಚಿಹೋಗ್ತದೆ, ಕೆಟ್ಟ ಸವೆತದ ಹಂತದಿಂದ ದೂರ ಉಳೀತೀರಿ. ಸವೆದ್ರೂ ಮೊದ್ಲು ಬುಶ್ಶು ಸವೀಲಿ, ಅಗ್ಗದ್ದು ಅದೇ ತಾನೆ.

ಸದ್ಯಕ್ಕೆ ಏನೂ ಬದ್ಲಾಯಿಸ್ಬೇಡಿ, ಒಂದು ವಾರ ತಿಕ್ಕದೇ ಓಡ್ಸಿ, ಬಟ್ಟೇಲಿ ಧೂಳು ಹೊಡೆದ್ರೆ ಸಾಕು. ಆಮೇಲೆ ರಾಡಿನ ಫೋಟೋ, ಅದರ ಡಯಾ, ಬುಶ್ಶಿನ ಉದ್ದ ಇಲ್ಲೇ ಹಾಕಿ, ರಾಡಿಗೂ ಬುಶ್ಶಿಗೂ ನಡುವೆ ಕ್ಲಿಯರೆನ್ಸ್ (ಸಂದು) ಎಷ್ಟು ಬಿಡಿಸ್ಬೇಕು ಅಂತ ಹೇಳ್ತೀನಿ.