ಗೋಡೆಯ ಮಾತು ಮತ್ತು ನಡಾವಳಿ ಪುಸ್ತಕ

ಪ್ರಶ್ನೆ: ಉಡುಪಿ ತಾಲೂಕಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಹನ್ನೊಂದು ವರ್ಷದಿಂದ ವ್ಯವಸ್ಥಾಪಕಿ. ಹೊಸ ಕಟ್ಟಡಕ್ಕೆ ಬಂದಾಗ ಕೌಂಟರಿನ ಎದುರು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದೆವು: ‘ಸದಸ್ಯರ ಹಿತವೇ ಮೊದಲು. ಪ್ರಾಮಾಣಿಕತೆ. ಎಲ್ಲರಿಗೂ ಒಂದೇ ನಿಯಮ.’ ಈಗ ಸಾಲ ಕೇಳಿ ಬಂದವರಿಗೆಲ್ಲ ವಿಮೆ ಮಾಡಿಸಲೇಬೇಕು ಎಂದು ಆಡಳಿತ ಮಂಡಳಿ ಬಾಯಿಮಾತಲ್ಲಿ ಹೇಳಿದೆ. ಪಿಗ್ಮಿ ಸಂಗ್ರಾಹಕರಿಗೂ ವಿಮೆಯ ಟಾರ್ಗೆಟ್ ಕೊಟ್ಟಿದ್ದಾರೆ. ಕಳೆದ ವರ್ಷ ನಿರ್ದೇಶಕರೊಬ್ಬರ ತಮ್ಮನಿಗೆ ಕಾಗದಪತ್ರ ಪೂರ್ತಿ ಇಲ್ಲದಿದ್ದರೂ ಸಾಲ ಮಂಜೂರಾಯಿತು. ಸಿಬ್ಬಂದಿ ಆ ಗೋಡೆ ನೋಡಿ ‘ಹೇಳೋದು ಆಚಾರ, ತಿನ್ನೋದು ಬದನೆಕಾಯಿ’ ಅಂತಾರೆ. ನಮ್ಮ ಅಧ್ಯಕ್ಷರು ಕೆಟ್ಟವರಲ್ಲ. ಮಹಾಸಭೆಯ ವರದಿಗೆ ‘ನಮ್ಮ ಮೌಲ್ಯಗಳು’ ಎಂದು ಒಂದು ಪುಟ ಬರೆದುಕೊಡಿ ಎಂದು ನನಗೇ ಹೇಳಿದ್ದಾರೆ. ಏನು ಬರೆಯಲಿ? ಸಂಬಳಕ್ಕಿರುವ ನನ್ನಂಥವಳಿಂದ ಏನಾಗುತ್ತದೆ?
– ಹೆಸರು ಬೇಡ, ಉಡುಪಿ

ಉತ್ತರ: ಪುಟ ಬರೆಯುವುದನ್ನು ಸದ್ಯ ಬದಿಗಿಡಿ. ಕಪಾಟಿನಿಂದ ಕಳೆದ ವರ್ಷದ ನಡಾವಳಿ ಪುಸ್ತಕ ತೆಗೆಯಿರಿ. ಕಂಪ್ಯೂಟರ್ ಖರೀದಿ, ಬಾಡಿಗೆ ಕರಾರು ಇಂಥವನ್ನೆಲ್ಲ ಬಿಟ್ಟು, ಗೋಡೆಯ ಮಾತಿಗೂ ಸಂಘದ ಲಾಭಕ್ಕೂ ಜಗಳ ಬಿದ್ದ ನಿರ್ಣಯಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗುರುತು ಹಾಕಿ. ಐದಾರು ಸಿಗಬಹುದು. ಅವುಗಳಲ್ಲಿ ಸಂಘ ಯಾವ ಕಡೆ ನಿಂತಿತು ಎಂದು ನೋಡಿ. ಸಿಬ್ಬಂದಿ ಓದುತ್ತಿರುವುದು ಆ ಪುಸ್ತಕವನ್ನು, ಗೋಡೆಯನ್ನಲ್ಲ.

ವಿಮೆಯ ವಿಷಯ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಅಲ್ವಾ? ‘ಬಾಯಿಮಾತಲ್ಲಿ’ ಎಂದು ನೀವೇ ಬರೆದಿದ್ದೀರಿ. ಆ ಪದ ನನ್ನನ್ನು ಚುಚ್ಚಿತು. ಬರೆದಿಡಲು ಹಿಂಜರಿಯುವ ನಿರ್ಧಾರ ಗೋಡೆಯ ಮಾತಿಗೆ ಹೊಂದುವುದಿಲ್ಲ ಎಂಬುದು ಮಂಡಳಿಗೂ ಒಳಗೊಳಗೆ ಗೊತ್ತಿರುತ್ತದೆ. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದಲೇ.

ಪಿಗ್ಮಿ ಹುಟ್ಟಿದ್ದು ನಿಮ್ಮ ಊರಿನಲ್ಲೇ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಈ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೇ ಹೋಗಿ ಹಣ ಪಡೆಯುವ ಏರ್ಪಾಡು ಅದು. ‘ಬಡವರ ಹಿತ’ ಎಂದು ಬರೆದು ತೂಗುಹಾಕುವುದು ಸುಲಭ. ಆ ಬ್ಯಾಂಕಿನವರು ಅದಕ್ಕಾಗಿ ಒಬ್ಬ ಮನುಷ್ಯನನ್ನು ದಿನಾ ನಡೆಸಿದರು. ಎರಡಾಣೆಗೆ ರಸೀದಿ, ಲೆಕ್ಕ, ಓಡಾಟದ ಖರ್ಚು ಎಲ್ಲ ಹೊತ್ತರು. ಅದೇ ಪಿಗ್ಮಿ ಸಂಗ್ರಾಹಕನ ಕೈಗೆ ಇವತ್ತು ವಿಮೆಯ ಟಾರ್ಗೆಟ್ ಕೊಟ್ಟರೆ ಏನಾಗುತ್ತದೆ ಗೊತ್ತಾ? ಹತ್ತು ವರ್ಷದ ಪರಿಚಯ ಇರುವ ಅಂಗಡಿಯವರು ಅವನ ಮುಖ ನೋಡಿ ಇಲ್ಲ ಎನ್ನಲಾರದೆ ಸಹಿ ಹಾಕುತ್ತಾರೆ. ಆ ನಂಬಿಕೆ ಸಂಘದ ಆಸ್ತಿ. ಅದನ್ನು ಕಮಿಷನ್ನಿಗೆ ಮಾರಿದ ಹಾಗಾಯಿತು.

ಟಾರ್ಗೆಟ್ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಕತೆ ಇದೆ. ಗ್ರಾಹಕರ ಹಿತದ ಬಗ್ಗೆ ಅವರದೂ ಚೆಂದದ ಪುಸ್ತಿಕೆಯೇ ಇತ್ತು. ಜೊತೆಗೆ ಒಬ್ಬೊಬ್ಬ ಗ್ರಾಹಕರಿಗೆ ಎಂಟು ಉತ್ಪನ್ನ ಮಾರಬೇಕೆಂಬ ಗುರಿಯೂ ಇತ್ತು. ನೌಕರರು ಗ್ರಾಹಕರಿಗೆ ತಿಳಿಯದ ಹಾಗೆ ಲಕ್ಷಾಂತರ ಖಾತೆ ತೆರೆದರು. ಅದು ಹೊರಬಿದ್ದು 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಅವರಲ್ಲಿ ಬಹಳ ಮಂದಿ ಕೆಳಗಿನವರು. ಟಾರ್ಗೆಟ್ ಹಾಕಿದ್ದು ಮೇಲಿನವರು. ನಾನೂ ಬ್ಯಾಂಕಿನಲ್ಲಿದ್ದಾಗ ಮಾರ್ಚ್ ಕೊನೆಯ ವಾರ ಕಿರಿಯರನ್ನು ಹೀಗೆ ಓಡಿಸಿದ್ದೇನೆ. ಅದರ ಬೇಸರ ಇನ್ನೂ ಹೋಗಿಲ್ಲ.

ಹಾಗಂತ ವಿಮೆ ಕೆಟ್ಟದ್ದಲ್ಲ. ಮನೆಯ ದುಡಿಯುವವರು ತೀರಿಕೊಂಡಾಗ ಸಾಲ ಜಾಮೀನುದಾರರ ತಲೆಗೆ ಬೀಳದಂತೆ ಅದು ಕಾಪಾಡಬಹುದು. ಬೇಕು, ಬೇಡ ಎಂಬ ಎರಡು ಖಾನೆ ಇರುವ ಬೇರೆ ಹಾಳೆ ಮಾಡಿ. ಕಂತು ಎಷ್ಟು, ಸಂಘಕ್ಕೆ ಕಮಿಷನ್ ಎಷ್ಟು ಎಂದು ಅದರಲ್ಲೇ ಇರಲಿ. ತುಳುವಿನಲ್ಲಿ ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಸಹಿ ಪಡೆಯಿರಿ. ಸಂಗ್ರಾಹಕರ ಟಾರ್ಗೆಟ್ ಮಾತ್ರ ಪೂರ್ತಿ ತೆಗೆಯಬೇಕು. ಇದರಲ್ಲಿ ಅರ್ಧ ದಾರಿ ಇಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ನಿಮ್ಮ ಸದಸ್ಯರಲ್ಲಿ ಮಲ್ಪೆ ಕಡೆಯ ಮೀನುಗಾರರು ಇದ್ದರೆ ಅವರ ಸಾಲದ ಖಾತೆ ತೆರೆದು ನೋಡಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಬೋಟಿಗೆ ಹೋಗುವವರಿಗೆ ಆಗ ದುಡಿಮೆಯೇ ಇಲ್ಲ. ಆದರೂ ಸಾಲದ ಕಂತು ವರ್ಷಕ್ಕೆ ಹನ್ನೆರಡು. ಪ್ರತಿ ಮಳೆಗಾಲ ಅವರು ಸುಸ್ತಿದಾರರಾಗುತ್ತಾರೆ, ಸುಸ್ತಿ ಬಡ್ಡಿ ಬೀಳುತ್ತದೆ, ಅದು ಸಂಘದ ಲಾಭದಲ್ಲಿ ಸೇರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕದ್ದಿಲ್ಲ. ಆದರೂ ‘ಸದಸ್ಯರ ಹಿತವೇ ಮೊದಲು’ ಎಂಬ ಮಾತು ವರ್ಷ ವರ್ಷ ಸೋಲುತ್ತದೆ. ವರ್ಷಕ್ಕೆ ಹತ್ತೇ ಕಂತು ಮಾಡಿದರೆ ಸಾಕು. ನಾಡದೋಣಿಯವರಿಗೆ ಇದೇ ಲೆಕ್ಕ ಹಾಕಬೇಡಿ, ಅವರಿಗೆ ಮಳೆಗಾಲವೇ ಸೀಸನ್. ಹೀಗೆ ಮಾಡಿದರೆ ಸಂಘಕ್ಕೆ ಎರಡು ತಿಂಗಳು ವಸೂಲಿ ಕಡಿಮೆಯಾಗುತ್ತದೆ, ನಿಜ. ಠೇವಣಿದಾರರೂ ಸದಸ್ಯರೇ, ಅವರ ಹಣ ಕೇಳಿದ ದಿನ ಸಿಗಬೇಕು. ಆದ್ದರಿಂದ ಏಪ್ರಿಲ್‌ನಲ್ಲೇ ಅದಕ್ಕೆ ನಗದು ತೆಗೆದಿಡಬೇಕು. ಮೌಲ್ಯ ಅಂದರೆ ಇಂಥ ಲೆಕ್ಕಾಚಾರದ ಕೆಲಸವೇ ಜಾಸ್ತಿ.

ಇನ್ನು ನಿರ್ದೇಶಕರ ತಮ್ಮನ ಸಾಲ. ಮಂಜೂರಾದದ್ದನ್ನು ಹಿಂದೆ ಪಡೆಯಲು ಹೋಗಬೇಡಿ. ಉಳಿದ ಕಾಗದಪತ್ರಕ್ಕೆ ತಾರೀಕು ಹಾಕಿ ಪತ್ರ ಕಳಿಸಿ, ಬೇರೆ ಸದಸ್ಯರಿಗೆ ಕಳಿಸುವ ಹಾಗೆಯೇ. ಮುಂದೆ ಸಂಬಂಧಿಕರ ಅರ್ಜಿ ಬಂದಾಗ ಆ ನಿರ್ದೇಶಕರು ಸಭೆಯಿಂದ ಎದ್ದು ಹೊರಗಿರಲಿ. ಎದ್ದು ಹೋದದ್ದನ್ನೂ ನಡಾವಳಿಯಲ್ಲಿ ಬರೆಯಿರಿ. ವಿನಾಯಿತಿ ಕೊಡಲೇಬೇಕಾದರೆ ಕಾರಣ ಬರೆದು ಒಂದು ಪ್ರಶ್ನೆ ಕೇಳಿಕೊಳ್ಳಿ: ಮೀನು ಮಾರುವ ಸದಸ್ಯೆಯೊಬ್ಬರು ಇದೇ ಕಾರಣ ಹೇಳಿದ್ದರೆ ಕೊಡುತ್ತಿದ್ದೆವಾ?

ಅಧ್ಯಕ್ಷರೊಡನೆ ಸಭೆಯಲ್ಲಿ ಮಾತು ಎತ್ತಬೇಡಿ. ಸಿಬ್ಬಂದಿಯ ಎದುರು ಖಂಡಿತ ಬೇಡ. ಎರಡು ದಿನ ಮೊದಲು ಅವರ ಕೋಣೆಗೆ ಹೋಗಿ. “ಸರ್, ನೀವು ಬರೆಯಲು ಹೇಳಿದ ಪುಟ ಮಹಾಸಭೆಯಲ್ಲಿ ನಿಮ್ಮ ಕೈಯಲ್ಲೇ ಇರುತ್ತದೆ. ಯಾರಾದರೂ ಎದ್ದು ವಿಮೆ ಬಗ್ಗೆ ಕೇಳಿದರೆ ಉತ್ತರ ನೀವೇ ಕೊಡಬೇಕಾಗುತ್ತದೆ. ಅದಕ್ಕೆ ಮೊದಲೇ ಸರಿ ಮಾಡೋಣ” ಎನ್ನಿ. ಅವರು ಕೆಟ್ಟವರಲ್ಲ ಎಂದಿದ್ದೀರಿ. ಹಾಗಾದರೆ ಇದನ್ನು ಬೆದರಿಕೆ ಎಂದು ತಿಳಿಯುವುದಿಲ್ಲ, ಕಾಳಜಿ ಎಂದೇ ತಿಳಿಯುತ್ತಾರೆ. ವಿಮೆಯ ವಿಷಯವನ್ನು ಲಿಖಿತ ಟಿಪ್ಪಣಿಯಾಗಿ ಕಾರ್ಯಸೂಚಿಗೆ ಸೇರಿಸಲು ಒಪ್ಪಿಗೆ ಕೇಳಿ. ಟಿಪ್ಪಣಿಯ ಒಂದು ಪ್ರತಿ ನಿಮ್ಮ ಫೈಲಿನಲ್ಲೂ ಇರಲಿ. ಮಂಡಳಿ ಒಪ್ಪದೆಯೂ ಇರಬಹುದು. ಆಗಲೂ ಅದು ನಡಾವಳಿಗೆ ಬಂದಿರುತ್ತದೆ, ಬಾಯಿಮಾತಾಗಿ ಉಳಿಯುವುದಿಲ್ಲ. ಸಂಬಳಕ್ಕಿರುವವರು ಇಷ್ಟನ್ನು ಮಾಡಬಹುದು. ಇದು ಸಣ್ಣದಲ್ಲ.

ಆಮೇಲೆ ಪುಟ ಬರೆಯಿರಿ. ‘ನಾವು ಪ್ರಾಮಾಣಿಕರು’ ಎಂದು ಶುರುಮಾಡಬೇಡಿ. ಮಂಡಳಿ ಒಪ್ಪಿದ್ದನ್ನಷ್ಟೇ ಹಾಕಿ: ‘ಈ ವರ್ಷದಿಂದ ಸಾಲಕ್ಕೆ ವಿಮೆ ಕಡ್ಡಾಯವಲ್ಲ. ಬೋಟಿಗೆ ಹೋಗುವ ಸದಸ್ಯರಿಗೆ ಜೂನ್, ಜುಲೈ ಕಂತು ಇಲ್ಲ. ನಿರ್ದೇಶಕರ ಸಂಬಂಧಿಕರಿಗೆ ಕೊಟ್ಟ ಸಾಲ ಇಷ್ಟು, ಅದರಲ್ಲಿ ಸುಸ್ತಿ ಇಷ್ಟು.’ ಮೂರರಲ್ಲಿ ಒಂದಕ್ಕೇ ಒಪ್ಪಿಗೆ ಸಿಕ್ಕಿದರೆ ಆ ಒಂದೇ ಸಾಲು ಇರಲಿ. ಉಳಿದ ಜಾಗ ಖಾಲಿ ಬಿಡಿ.