ರಂಗದ ಮೇಲೆ ನಿಜವಾದ ಮಾಂಸವೇಕೆ?

ಪ್ರಶ್ನೆ: ನಾಟಕದಲ್ಲಿನ ನ್ಯಾಚುರಲಿಸಂ ಪಂಥದ ಬಗ್ಗೆ ಓದುವಾಗಲೆಲ್ಲ ಪ್ಯಾರಿಸ್ಸಿನ ನಿರ್ದೇಶಕ ಆಂದ್ರೆ ಆಂತ್ವಾನ್ ರಂಗದ ಮೇಲೆ ನಿಜವಾದ ಮಾಂಸ ತೂಗುಹಾಕಿದ ಕಥೆ ಬರುತ್ತದೆ. ಈ ಪಂಥದ ತತ್ವ ಅಷ್ಟೇ ಏನು? ವಾಸ್ತವವಾದಕ್ಕಿಂತ ಇದು ಹೇಗೆ ಬೇರೆ?

ಉತ್ತರ: ಮಾಂಸ ತೂಗುಹಾಕಿದ್ದು ನಿಜ, 1888ರಲ್ಲಿ, ಕಟುಕರ ಕುರಿತ ನಾಟಕವೊಂದಕ್ಕೆ. ಆದರೆ ಅದನ್ನೇ ತತ್ವವೆಂದು ಹಿಡಿದರೆ ಸಿಪ್ಪೆ ಕೈಗೆ ಸಿಕ್ಕಿ ತಿರುಳು ಜಾರಿಹೋಗುತ್ತದೆ.

ತಿರುಳಿರುವುದು ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾನಲ್ಲಿ. ಡಾರ್ವಿನ್ ಮತ್ತು ವೈದ್ಯವಿಜ್ಞಾನಿ ಕ್ಲೋದ್ ಬರ್ನಾರ್ ಅವರ ಕಾಲದ ಈತನಿಗೆ ಪ್ಯಾರಿಸ್ ರಂಗಭೂಮಿಯ ಅಚ್ಚುಕಟ್ಟಾದ ಕಥಾತಂತ್ರಗಳೆಲ್ಲ ಸುಳ್ಳೆನಿಸಿದವು. ವಂಶದಿಂದ ಬಂದದ್ದು, ಬೆಳೆದ ಪರಿಸರ, ಆ ಗಳಿಗೆಯ ಒತ್ತಡ ಸೇರಿ ಮನುಷ್ಯನನ್ನು ಹೇಗೆ ನಡೆಸುತ್ತವೆ ಎಂಬುದನ್ನು ನಾಟಕ ಪರೀಕ್ಷಿಸಬೇಕು ಎಂದ. 1873ರಲ್ಲಿ ತನ್ನ ‘ತೆರೇಸ್ ರಾಕೆಂ’ ಕಾದಂಬರಿಯನ್ನು ನಾಟಕ ಮಾಡಿದಾಗ ಕೊಲೆಗಾರ ಜೋಡಿಯನ್ನು ಕತ್ತಲ, ತೇವ ಹಿಡಿದ ಒಂದೇ ಕೋಣೆಯಲ್ಲಿ ಕೂಡಿಹಾಕಿದ. ವಾಸ್ತವವಾದ ಬದುಕನ್ನು ಇದ್ದಂತೆ ತೋರಿಸುತ್ತದೆ. ನ್ಯಾಚುರಲಿಸಂ ಅದು ಹಾಗೇಕಿದೆ ಎಂದು ಕಾರಣ ಹುಡುಕುತ್ತದೆ. ಗೆರೆ ಎಲ್ಲೆಡೆ ಇಷ್ಟು ನಿಚ್ಚಳವಾಗಿಲ್ಲ. ನಾರ್ವೆಯ ನಾಟಕಕಾರ ಇಬ್ಸನ್‌ನ ‘ಗೋಸ್ಟ್ಸ್’ ನಾಟಕವನ್ನು ಎರಡೂ ಕಡೆ ಇಟ್ಟು ಓದಬಹುದು.

ಪರಿಸರವೇ ಮನುಷ್ಯನನ್ನು ರೂಪಿಸುವುದಾದರೆ ರಂಗದ ಮೇಲಿನ ಕೋಣೆ ಬರೀ ಅಲಂಕಾರವಲ್ಲ. ಆಂತ್ವಾನ್ ಗ್ಯಾಸ್ ಕಂಪನಿಯ ಗುಮಾಸ್ತ. 1887ರ ಮಾರ್ಚ್ 30ರಂದು ‘ತೇಆತ್ರ್ ಲೀಬ್ರ್’ (ಮುಕ್ತ ರಂಗಭೂಮಿ) ಎಂಬ ತನ್ನ ರಂಗತಂಡ ಆರಂಭಿಸಿದಾಗ ತಾಯಿಯ ಮನೆಯ ಮೇಜು ಕುರ್ಚಿಗಳನ್ನೇ ಗಾಡಿಯಲ್ಲಿ ಹೇರಿ ತಂದ. ಪ್ರದರ್ಶನ ಚಂದಾದಾರರಿಗಷ್ಟೇ ಆದ್ದರಿಂದ ಸೆನ್ಸಾರ್‌ನ ಹಿಡಿತದಿಂದ ಪಾರಾದ.

ನನಗೆ ಇದು ಮೈಗೆ ಹತ್ತಿದ್ದು ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ನ ‘ಮಿಸ್ ಜೂಲಿ’ಯಲ್ಲಿ ಅಡುಗೆಯವಳು ಕ್ರಿಸ್ಟೀನಳ ಪಾತ್ರ ಮಾಡಿದಾಗ. ಒಡತಿ ಜೂಲಿ ಮತ್ತು ಸೇವಕ ಕುಣಿಯಲು ಹೋಗುತ್ತಾರೆ, ಕ್ರಿಸ್ಟೀನ್ ಒಬ್ಬಳೇ. ಮಾತಿಲ್ಲ. ಮೇಜು ಒರೆಸುತ್ತಾಳೆ, ಪುಟ್ಟ ಕನ್ನಡಿ ತೆಗೆದಿಡುತ್ತಾಳೆ, ಮೇಣದಬತ್ತಿಗೆ ಹೇರ್‌ಪಿನ್ ಹಿಡಿದು ಬಿಸಿ ಮಾಡಿ ಮುಂಗುರುಳು ಸುರುಳಿಸುತ್ತಾಳೆ. ಜೂಲಿ ಮರೆತುಹೋದ ಕರವಸ್ತ್ರ ಕಣ್ಣಿಗೆ ಬೀಳುತ್ತದೆ. ಮೂಸಿ ನೋಡಿ, ನಿಧಾನವಾಗಿ ಮಡಿಸುತ್ತಾಳೆ. ಪ್ರೇಕ್ಷಕರು ಬೇಸರಗೊಂಡಾರೆಂದು ಅವಸರಿಸಬಾರದು, ಅವರತ್ತ ನೋಡಬಾರದು, ಅಗತ್ಯವಿದ್ದರೆ ಬೆನ್ನು ತಿರುಗಿಸಬೇಕು ಎಂದು ನಾಟಕಕಾರನೇ ಸೂಚಿಸಿದ್ದಾನೆ. ಮೊದಲ ಪ್ರದರ್ಶನದಲ್ಲಿ ನಾನು ಅವಸರಿಸಿದೆ. ನಿರ್ದೇಶಕರು ಕೇಳಿದ್ದು ಒಂದೇ ಮಾತು: “ಆ ಕರವಸ್ತ್ರದಲ್ಲಿ ಯಾವ ವಾಸನೆಯಿತ್ತು?” ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಕರವಸ್ತ್ರಕ್ಕೆ ಅತ್ತರು ಹಾಕಿಸಿದೆ. ಒಡತಿಯ ಆ ಪರಿಮಳ ಮೂಗಿಗೆ ಬಡಿದಾಗ ಕೈ ತಾನೇ ನಿಧಾನವಾಯಿತು, ಸಭಾಂಗಣ ಮರೆತೇಹೋಯಿತು.

ಆಂತ್ವಾನ್ ತೂಗಿದ ಮಾಂಸವೂ ನಟರ ಮೇಲೆ ಹೀಗೆಯೇ ಕೆಲಸ ಮಾಡಿರಬೇಕು ಎಂದು ನನ್ನ ಎಣಿಕೆ.

‘ಮಿಸ್ ಜೂಲಿ’ಗೆ ಸ್ಟ್ರಿಂಡ್‌ಬರ್ಗ್ 1888ರಲ್ಲಿ ಬರೆದ ಮುನ್ನುಡಿಯನ್ನೂ ಓದಿ. ಜೂಲಿಯ ದುರಂತಕ್ಕೆ ತಾಯಿಯ ಸ್ವಭಾವ, ತಂದೆ ಬೆಳೆಸಿದ ರೀತಿ, ಹಬ್ಬದ ರಾತ್ರಿ, ಕುಣಿತ, ಹೂವಿನ ಗಂಧದವರೆಗೆ ಕಾರಣಗಳನ್ನು ಎಣಿಸಿದ್ದಾನೆ. ಆದರೆ ನಾಟಕ ಮುಗಿಸಿದ ಮೇಲೆ ಓದಿ. ಮೊದಲೇ ಓದಿದರೆ ಜೂಲಿಯನ್ನು ನೀವಾಗಿಯೇ ಕಾಣುವುದು ತಪ್ಪಿಹೋಗುತ್ತದೆ.